ಎರಡೂವರೆಗೆ ಬಿಸಿಯಾಗುತ್ತಿದ್ದ ಟೊಮೆಟೊ

ಮಗಳು ಒಂದನೇ ತರಗತಿಗೆ ಸೇರಿದ ವರ್ಷ, ಅರ್ಧಕ್ಕೆ ಬಿಟ್ಟಿದ್ದ ಪಿಎಚ್‌ಡಿಗೆ ನಾನು ವಾಪಸಾದೆ. ವಿಷಯ ಟೊಮೆಟೊ ಒಣಗಿಸುವುದು. ಹೀಗೆಂದರೆ ತುಮಕೂರಿನಲ್ಲಿರುವ ಅಮ್ಮ ಫೋನಿನಲ್ಲೇ ನಗುತ್ತಿದ್ದಳು. "ಅದಕ್ಕೆ ದೆಹಲಿವರೆಗೂ ಹೋಗಿ ಓದ್ಬೇಕೇನೇ? ತಾರಸಿ ಮೇಲೆ ಹರವಿದ್ರೆ ತಾನೇ ಒಣಗುತ್ತೆ." ಒಣಗುತ್ತದೆ, ನಿಜ. ಆದರೆ ಎಷ್ಟು ಬಿಸಿಯ ಗಾಳಿಯನ್ನು ಎಷ್ಟು ಹೊತ್ತು ಹಾಯಿಸಿದರೆ ಬಣ್ಣವೂ ರುಚಿಯೂ ಕೆಡುವುದಿಲ್ಲ, ಆ ಬಿಸಿ ಹೋಳಿನ ಒಳಕ್ಕೆ ಹೇಗೆ ಇಳಿಯುತ್ತದೆ, ಒಳಗಿನ ನೀರು ಯಾವ ವೇಗದಲ್ಲಿ ಹೊರಗೆ ಬರುತ್ತದೆ ಎಂಬುದನ್ನು ಅಳೆದು ಹೇಳುವುದು ನನ್ನ ಕೆಲಸವಾಗಿತ್ತು.

ನಾವಿರುವುದು ದೆಹಲಿಯ ದ್ವಾರಕಾದ ಒಂದು ಅಪಾರ್ಟ್‌ಮೆಂಟ್ ಸೊಸೈಟಿಯಲ್ಲಿ. ಗಂಡನ ಆಫೀಸು ಗುರುಗ್ರಾಮದಲ್ಲಿ, ನನ್ನ ಸಂಸ್ಥೆ ಮೆಟ್ರೋದಲ್ಲಿ ಮುಕ್ಕಾಲು ಗಂಟೆಯ ದೂರದಲ್ಲಿ. ಪ್ರಯೋಗದ ಟೊಮೆಟೊಗಳನ್ನು ನಮ್ಮ ಸೆಕ್ಟರಿನ ಮಾರ್ಕೆಟ್ಟಿನಲ್ಲೇ ಕೊಳ್ಳುತ್ತಿದ್ದೆ. ಎಲ್ಲ ಹಣ್ಣೂ ಒಂದೇ ಗಾತ್ರದ್ದಾಗಿರಬೇಕು. ಅದಕ್ಕೆ ಎರಡು ಬಳೆ ಒಯ್ಯುತ್ತಿದ್ದೆ, ನನ್ನದೊಂದು, ಮಗಳದೊಂದು. ಹಣ್ಣು ನನ್ನ ಬಳೆಯಲ್ಲಿ ತೂರಬೇಕು, ಮಗಳ ಬಳೆಯಲ್ಲಿ ತೂರಬಾರದು. ತರಕಾರಿ ಗಾಡಿಯ ಭಯ್ಯಾ ಮೊದಮೊದಲು, ಈ ಮೇಡಂ ಟೊಮೆಟೊಗೆ ಬಳೆ ತೊಡಿಸಿ ನೋಡ್ತಾರೆ ಎಂದು ಪಕ್ಕದವನಿಗೆ ಹೇಳಿ ನಗುತ್ತಿದ್ದ. ಆಮೇಲಾಮೇಲೆ ತಾನೇ ಆರಿಸಿ ಒಂದು ಚೀಲದಲ್ಲಿ ಎತ್ತಿಡತೊಡಗಿದ.

ಮಗಳನ್ನು ಸ್ಕೂಲ್ ಬಸ್ಸಿಗೆ ಹತ್ತಿಸಿ ನಾನು ಲ್ಯಾಬು ಸೇರಿ, ಹಣ್ಣು ಹೆಚ್ಚಿ, ಡ್ರೈಯರ್ ಹಾಕುವಾಗ ಸರಿಯಾಗಿ ಒಂಬತ್ತೂವರೆ. ಡ್ರೈಯರ್ ಎಂದರೆ ಬಟ್ಟೆಯ ಬೀರುವಿನಷ್ಟು ದೊಡ್ಡ ಉಕ್ಕಿನ ಪೆಟ್ಟಿಗೆ. ಕೆಳಗೆ ಹೀಟರು, ಹಿಂದೆ ಫ್ಯಾನು, ಒಳಗೆ ಜಾಲರಿಯ ತಟ್ಟೆಗಳು. ಆರು ಹೋಳುಗಳ ನಡುವಿಗೆ ಒಂದೊಂದು ಥರ್ಮೋಕಪಲ್ ಚುಚ್ಚುತ್ತಿದ್ದೆ. ಅದು ಬೇರೇನಲ್ಲ, ಎರಡು ಬೇರೆ ಬೇರೆ ಲೋಹದ ತೆಳು ತಂತಿಗಳನ್ನು ತುದಿಯಲ್ಲಿ ಬೆಸೆದದ್ದು. ಬೆಸುಗೆ ಬಿಸಿಯಾದರೆ ತಂತಿಯಲ್ಲಿ ತೀರಾ ಸಣ್ಣ ಪ್ರಮಾಣದ ವಿದ್ಯುತ್ತು ಹುಟ್ಟುತ್ತದೆ. ಕಿಟಕಿಯ ಪಕ್ಕ ಇಟ್ಟಿದ್ದ ಒಂದು ಯಂತ್ರ ಅದನ್ನು ಅಳೆದು, ಇಷ್ಟು ಡಿಗ್ರಿ ಎಂದು ಐದೈದು ನಿಮಿಷಕ್ಕೆ ಬರೆದುಕೊಳ್ಳುತ್ತಿತ್ತು.

ಹೋಳಿನ ಬಿಸಿ ನಿಧಾನವಾಗಿ, ನಯವಾಗಿ ಏರುತ್ತಾ ಹೋಗಿ ಗಾಳಿಯ ಬಿಸಿಯನ್ನು ಮುಟ್ಟಬೇಕು. ಪುಸ್ತಕಗಳು ಹಾಗೇ ಹೇಳುತ್ತವೆ. ನನ್ನ ಗ್ರಾಫಿನಲ್ಲಿ ಮಾತ್ರ ಐದನೇ ಗಂಟೆ ದಾಟುತ್ತಿದ್ದಂತೆ ಒಂದು ಸಣ್ಣ ಗುಡ್ಡ ಏಳುತ್ತಿತ್ತು. ಬಿಸಿ ಐದಾರು ಡಿಗ್ರಿ ಮೇಲೇರಿ, ಅರ್ಧ ಮುಕ್ಕಾಲು ಗಂಟೆಯಲ್ಲಿ ಮತ್ತೆ ಇಳಿಯುತ್ತಿತ್ತು. ಆರೂ ತಂತಿಗಳಲ್ಲಿ ಒಟ್ಟಿಗೇ.

ನನ್ನ ಗೈಡು ಲಖನೌ ಕಡೆಯವರು, ಅರವತ್ತು ಸಮೀಪಿಸಿದವರು, ಮೆತ್ತಗೆ ಮಾತಾಡುವ ಮನುಷ್ಯ. ಆ ಗುಡ್ಡವನ್ನು ನೋಡಿ ಅವರ ಮುಖ ಅರಳಿತು. ಇಬ್ಬರೂ ಕೂತು ಒಂದು ವಿವರಣೆ ಕಟ್ಟಿದೆವು. ಒಣಗುತ್ತಾ ಹೋಳಿನ ಮೇಲೆ ಹಕ್ಕಳೆ ಕಟ್ಟುತ್ತದೆ, ನೀರು ಒಳಗೇ ಸಿಕ್ಕಿಕೊಳ್ಳುತ್ತದೆ. ಆವಿಯಾಗುವ ನೀರು ತಾನೇ ಹೋಳನ್ನು ತಂಪಾಗಿಡುವುದು? ಅದು ನಿಂತರೆ ಬಿಸಿ ಏರುತ್ತದೆ. ಕೊನೆಗೆ ಹಕ್ಕಳೆ ಬಿರುಕುಬಿಟ್ಟು ನೀರು ಹೊರಬಂದಾಗ ಬಿಸಿ ಇಳಿಯುತ್ತದೆ. ಕೇಳುವುದಕ್ಕೆ ಎಷ್ಟು ಚೆನ್ನಾಗಿತ್ತು ಎಂದರೆ, ನಾನು ಅದನ್ನು ಮನೆಯಲ್ಲಿ ಗಂಡನಿಗೆ, ಫೋನಿನಲ್ಲಿ ಅಮ್ಮನಿಗೆ, ಕೊನೆಗೆ ಆರು ವರ್ಷದ ಮಗಳಿಗೂ ಹೇಳಿದೆ. ಹೋಳುಗಳ ತೂಕ ನೋಡಲು ಇಟ್ಟಿದ್ದ ತಕ್ಕಡಿಯೊಂದೇ ನಮ್ಮ ಮಾತಿಗೆ ಒಪ್ಪುತ್ತಿರಲಿಲ್ಲ. ನೀರು ಒಳಗೆ ನಿಂತದ್ದು ನಿಜವಾದರೆ ಆ ಅರ್ಧ ಗಂಟೆ ತೂಕ ಇಳಿಯಬಾರದು; ಅದು ತನ್ನ ಪಾಡಿಗೆ ಇಳಿಯುತ್ತಲೇ ಇತ್ತು. ತಕ್ಕಡಿ ಅಷ್ಟು ಸೂಕ್ಷ್ಮವಿಲ್ಲ ಎಂದುಕೊಂಡೆವು.

ಇನ್ನೊಂದು ವಿಷಯವನ್ನು ನಾನು ಸರ್‌ಗೂ ಹೇಳಿರಲಿಲ್ಲ. ಹತ್ತೊಂಬತ್ತು ಸಲ ಮಾಡಿದ ಪ್ರಯೋಗದಲ್ಲಿ ಗುಡ್ಡ ಬಂದದ್ದು ಹನ್ನೊಂದು ಸಲ. ಉಳಿದ ಎಂಟು ಸಲ ಗೆರೆ ಪುಸ್ತಕದಲ್ಲಿದ್ದಂತೆ ನಯವಾಗಿತ್ತು. ಹಣ್ಣು ಸರಿಯಿರಲಿಲ್ಲ, ಹೆಚ್ಚಿದ್ದು ದಪ್ಪವಾಯಿತು, ಬಾಗಿಲು ತೆಗೆದಿರಬೇಕು, ಹೀಗೆ ಒಂದೊಂದಕ್ಕೂ ಒಂದು ಕಾರಣ ಹುಡುಕಿ ಅವನ್ನು ಕಂಪ್ಯೂಟರಿನಲ್ಲಿ 'ಬೇಡ' ಎಂಬ ಫೋಲ್ಡರಿಗೆ ಹಾಕಿದೆ. ಹನ್ನೊಂದರ ಮೇಲೆ ಪ್ರಬಂಧ ಬರೆದೆವು, ಅದು ಒಳ್ಳೆಯ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಸರ್ ಎರಡು ಕಡೆ ಅದರ ಬಗ್ಗೆ ಭಾಷಣ ಮಾಡಿ ಬಂದರು.

ಪ್ರಕಟವಾದ ಮೂರು ತಿಂಗಳಿಗೆ ಬೇರೆ ರಾಜ್ಯದ ವಿದ್ಯಾರ್ಥಿನಿಯೊಬ್ಬಳಿಂದ ಮೇಲ್ ಬಂತು. ಅವಳೂ ಟೊಮೆಟೊ ಒಣಗಿಸುತ್ತಿದ್ದಳು. 'ಮೇಡಂ, ನಿಮ್ಮ ಪ್ರಬಂಧದಲ್ಲಿರುವಂತೆಯೇ ಮಾಡುತ್ತಿದ್ದೇನೆ. ನನಗೆ ಆ ಏರಿಳಿತ ಸಿಗುತ್ತಿಲ್ಲ. ಎಲ್ಲಿ ತಪ್ಪುತ್ತಿದ್ದೇನೆ ಎಂದು ದಯವಿಟ್ಟು ತಿಳಿಸುತ್ತೀರಾ?' ನಾನು ಉತ್ತರಿಸಲಿಲ್ಲ. ನಾಳೆ ಬರೆಯೋಣ ಎಂದುಕೊಂಡು ವಾರಗಳು ಕಳೆದವು. ಮೇಲ್ ತೆರೆದಾಗಲೆಲ್ಲ ಅವಳ ಹೆಸರು ಕಂಡು ಬೇಗ ಮುಂದಿನ ಮೇಲ್‌ಗೆ ಹೋಗುತ್ತಿದ್ದೆ. ಅವಳು ಕೇಳಿದ ಪ್ರಶ್ನೆಯನ್ನೇ ಎಂಟು ಫೈಲುಗಳು ನನ್ನನ್ನು ಕೇಳುತ್ತಿದ್ದವು.

ನವೆಂಬರಿನ ಒಂದು ದಿನ ಗಾಳಿ ಕೆಟ್ಟಿದೆಯೆಂದು ಬೆಳಿಗ್ಗೆ ಆರಕ್ಕೆ ಶಾಲೆಯಿಂದ ಮೆಸೇಜು ಬಂತು, ಇವತ್ತು ತರಗತಿ ಇಲ್ಲ. ಗಂಡನಿಗೆ ಮೀಟಿಂಗು. ಎದುರು ಮನೆಯ ಆಂಟಿ ಗುರುದ್ವಾರಕ್ಕೆ ಹೋಗಿದ್ದವರು ಬಂದು ಮಗಳನ್ನು ನೋಡಿಕೊಳ್ಳಲು ಒಪ್ಪುವ ಹೊತ್ತಿಗೆ ಹತ್ತಾಗಿತ್ತು. ನಾನು ಲ್ಯಾಬು ಸೇರಿ ಡ್ರೈಯರ್ ಹಾಕಿದಾಗ ಹನ್ನೊಂದೂ ಮುಕ್ಕಾಲು. ಐದು ಗಂಟೆ ಎಂದರೆ ಇವತ್ತು ಗುಡ್ಡ ಬರುವುದು ಸಂಜೆಗೆ ಎಂದು ಲೆಕ್ಕ ಹಾಕಿ, ಊಟ ಮುಗಿಸಿ ಬಂದು ಕೂತೆ.

ಎರಡೂವರೆಗೆ ಗೆರೆ ಮೇಲೇಳತೊಡಗಿತು.

ಇನ್ನೂ ಮೂರು ಗಂಟೆಯೂ ಆಗಿರಲಿಲ್ಲ. ಡ್ರೈಯರಿನ ಬಾಗಿಲು ತೆಗೆದು ಒಂದು ಹೋಳನ್ನು ಬೆರಳಲ್ಲಿ ಒತ್ತಿದೆ. ರಸ ಚಿಮ್ಮಿತು. ಹಕ್ಕಳೆಯ ಸುಳಿವೇ ಇಲ್ಲ. ಮೂರೂ ಹತ್ತಕ್ಕೆ ಗೆರೆ ಮತ್ತೆ ಕೆಳಗಿಳಿಯಿತು. ಕೈಯಲ್ಲಿ ಆ ಹೋಳು ಹಿಡಿದುಕೊಂಡು ನಿಂತೇ ಇದ್ದೆ.

ಆಗ ಬಂದವನು ಮೇಲಿನ ಮಹಡಿಯ ಆಂಟೆನಾ ಲ್ಯಾಬಿನವನು. ಕಲಬುರಗಿಯವನು, ನನಗಿಂತ ಏಳೆಂಟು ವರ್ಷ ಚಿಕ್ಕವನು, ಅವನೂ ಪಿಎಚ್‌ಡಿ ಮಾಡುತ್ತಿದ್ದ. ಇಡೀ ಕಟ್ಟಡದಲ್ಲಿ ಕನ್ನಡದವರು ನಾವಿಬ್ಬರೇ. ನನ್ನ ಕೆಲಸ ಮುಗಿದ ಟೊಮೆಟೊ ಹೋಳುಗಳನ್ನು ಒಯ್ದು ತನ್ನ ರೂಮಿನಲ್ಲಿ ದಾಲ್‌ಗೆ ಹಾಕಿಕೊಳ್ಳುತ್ತಿದ್ದ. ಈದ್‌ಗೆ ಅವನ ತಾಯಿ ಊರಿನಿಂದ ಕಳಿಸಿದ ಸಿಹಿ ನನ್ನ ಮಗಳಿಗೆ ಬರುತ್ತಿತ್ತು.

"ಏನಾಯ್ತಕ್ಕಾ, ಮುಖ ಹಿಂಗ್ಯಾಕ ಮಾಡೀರಿ?" ಎಂದ.

"ಇದನ್ನ ಮುಟ್ಟಿ ನೋಡು. ಒಣಗಿದೆಯಾ?"

"ಇಲ್ರಿ, ಹಸೀನೇ ಅದ."

"ಆದರೂ ಬಿಸಿ ಏರಿಬಿಡ್ತು. ಸಂಜೆ ಏರಬೇಕಿತ್ತು. ಎರಡೂವರೆಗೇ ಏರಿ ಮೂರೂ ಹತ್ತಕ್ಕೆ ಇಳಿದೂಬಿಡ್ತು."

ಅವನು ಪರದೆಯ ಹತ್ತಿರ ಬಗ್ಗಿ ಗ್ರಾಫಿನ ಕೆಳಗಿದ್ದ ಸಮಯವನ್ನು ಓದಿದ. ಆಮೇಲೆ ಡ್ರೈಯರಿನಿಂದ ಹೊರಟು ಕಿಟಕಿಯವರೆಗೆ ಜೋತಾಡುತ್ತಿದ್ದ ಆರು ತಂತಿಗಳನ್ನು ನೋಡಿದ.

"ಇವು ಎಷ್ಟುದ್ದ ಅದಾವ್ರಿ?"

"ಎರಡು ಮೀಟರ್ ಇರಬಹುದು. ಯಾಕೆ?"

"ಅಕ್ಕಾ, ನಾ ಎರಡೂವರಿಯಿಂದ ಮೂರೂ ಹತ್ತರ ತನಕ ಮ್ಯಾಲ ಟೆರೇಸ್‌ನಾಗ ಇದ್ದೆ," ಎಂದ ನಿಧಾನವಾಗಿ. "ಊಟ ಆದ ಮ್ಯಾಲ ಅದು ನನ್ನ ಸ್ಲಾಟ್. ಅಲ್ಲಿಂದ ನನ್ನ ಆಂಟೆನಾ ಸಿಗ್ನಲ್ ಬಿಡ್ತದ. ಯಾವ ದಿಕ್ಕಿಗೆ ಎಷ್ಟು ಹೋಗ್ತದ ಅಂತ ನೋಡಲಿಕ್ಕೆ ಅದನ್ನ ಒಂದು ಸುತ್ತು ಮೆಲ್ಲಕ ತಿರುಗಿಸ್ತೀವಿ. ಒಂದು ಸುತ್ತಿಗೆ ನಲವತ್ತು ನಿಮಿಷ."

ಅವನು ಏನು ಹೇಳುತ್ತಿದ್ದಾನೆ ಎಂದು ತಿಳಿಯಲು ನನಗೆ ಒಂದೆರಡು ಕ್ಷಣ ಬೇಕಾಯಿತು. ಅವನೇ ಮುಂದುವರಿಸಿದ. "ಉದ್ದನ ತಂತಿ ಹಿಂಗ ಜೋತು ಬಿದ್ರ ಅದೂ ಒಂದು ಆಂಟೆನಾನೇ ರಿ. ನನ್ನ ಸಿಗ್ನಲ್ ಈ ಕಿಟಕಿ ಕಡೆ ತಿರುಗಿದಾಗ ಇವು ಹಿಡೀತಾವ. ನಿಮ್ಮ ಮಶೀನ್ ಅದನ್ನ ಬಿಸಿ ಅಂತ ತಿಳ್ಕೊಂಡು ಬರ್ಕೋತದ."

"ಅಂದ್ರೆ ಟೊಮೆಟೊ ಬಿಸಿಯಾಗ್ತಾ ಇರಲಿಲ್ಲ."

"ಟೊಮೆಟೊಗ ಏನೂ ಗೊತ್ತಿಲ್ಲ, ಪಾಪ."

ನಾನು ದಿನವೂ ಒಂಬತ್ತೂವರೆಗೇ ಶುರುಮಾಡುತ್ತಿದ್ದೆ. ಅಲ್ಲಿಂದ ಐದು ಗಂಟೆ ಎಂದರೆ ಎರಡೂವರೆ. ಹಣ್ಣಿನ ಗುಣ ಎಂದು ನಾನು ಬರೆದದ್ದು ಸ್ಕೂಲ್ ಬಸ್ಸಿನ ಸಮಯಕ್ಕೆ ಕಟ್ಟುಬಿದ್ದಿತ್ತು.

ಮಾತು ನಂಬುವುದು ಬೇಡ, ಮಾಡಿ ನೋಡೋಣ ಎಂದು ಮರುದಿನ ಬೆಳಿಗ್ಗೆ ಇಬ್ಬರೂ ಸೇರಿದೆವು. ಡ್ರೈಯರನ್ನು ಹಾಕಲೇ ಇಲ್ಲ. ಒಂದು ಗಾಜಿನ ಪಾತ್ರೆಯಲ್ಲಿ ಐಸನ್ನೂ ನೀರನ್ನೂ ತುಂಬಿ ಆರು ತುದಿಗಳನ್ನೂ ಅದರಲ್ಲಿ ಮುಳುಗಿಸಿದೆ. ಐಸು ಕರಗುವ ನೀರು ಸೊನ್ನೆ ಡಿಗ್ರಿ, ಅದರಲ್ಲಿ ವಾದಕ್ಕೆ ಜಾಗವಿಲ್ಲ. ಯಂತ್ರ ಸೊನ್ನೆ ತೋರಿಸಿತು. ಅವನು ಟೆರೇಸಿನಿಂದ ಫೋನು ಮಾಡಿದ.

"ಅಕ್ಕಾ, ಆಂಟೆನಾ ನಿಮ್ಮ ಕಿಟಕಿ ಕಡೆ ತಿರುಗಿಸೀನಿ. ಚಲೋ, ಆನ್ ಮಾಡ್ಲಾ?"

"ಮಾಡು."

ಸೊನ್ನೆ ಇದ್ದದ್ದು ಐದೂವರೆ ಆಯಿತು. ಐಸು ಪಾತ್ರೆಯಲ್ಲಿ ತೇಲುತ್ತಲೇ ಇತ್ತು.

"ಆಫ್ ಮಾಡು." ಸೊನ್ನೆ. "ಆನ್ ಮಾಡು." ಐದೂವರೆ. ಹೀಗೆ ಹತ್ತು ಸಲ ಮಾಡಿಸಿದೆ. ಹತ್ತನೆಯ ಸಲಕ್ಕೆ ಅವನೇ, "ಅಕ್ಕಾ, ಮ್ಯಾಲ ಭಾಳ ಥಂಡಿ ಅದ, ಸಾಕು ಮಾಡ್ರಿ," ಎಂದ.

ಕೆಳಗೆ ಬಂದವನು ತನ್ನ ಲಾಗ್‌ಬುಕ್ ತಂದ. ಯಾವ ದಿನ ಎಷ್ಟು ಹೊತ್ತಿಗೆ ಸಿಗ್ನಲ್ ಬಿಟ್ಟೆ ಎಂದು ಅವನು ಬರೆದಿಡುತ್ತಿದ್ದ. ನಾನು ಮೊದಲ ಬಾರಿಗೆ ಇನ್ನೊಬ್ಬರ ಮುಂದೆ 'ಬೇಡ' ಫೋಲ್ಡರನ್ನು ತೆರೆದೆ. ಅವನು ತಾರೀಖು ಓದುತ್ತಾ ಹೋದ, ನಾನು ಗುರುತು ಹಾಕುತ್ತಾ ಹೋದೆ. ಹಬ್ಬಕ್ಕೆ ಊರಿಗೆ ಹೋದ ದಿನಗಳು, ಮಳೆ ಬಂದು ಟೆರೇಸಿಗೆ ಹೋಗದ ದಿನಗಳು, ಜ್ವರ ಬಂದು ಮಲಗಿದ ದಿನ. ನನ್ನ ಎಂಟು ನಯವಾದ ಗೆರೆಗಳು ಅವನು ಟೆರೇಸಿಗೆ ಹೋಗದ ದಿನಗಳೇ. ಗುಡ್ಡ ಬಂದ ಹನ್ನೊಂದರಲ್ಲಿ ಹತ್ತು ಹೊಂದಿದವು. ಒಂದು ಹೊಂದಲಿಲ್ಲ. ಅವನು ತಲೆ ಕೆರೆದುಕೊಂಡು, ತನ್ನ ಲ್ಯಾಬಿನ ಗೆಳತಿಗೆ ಫೋನು ಮಾಡಿ ವಿಚಾರಿಸಿದ. ಆ ದಿನದ ಸ್ಲಾಟನ್ನು ಅವಳಿಗೆ ಬಿಟ್ಟುಕೊಟ್ಟಿದ್ದನಂತೆ.

ಆಗ ನನಗೆ ಅಳು ಬರಬೇಕಿತ್ತು. ಎರಡು ವರ್ಷದ ಕೆಲಸ, ಪ್ರಕಟವಾದ ಪ್ರಬಂಧ, ಎಲ್ಲ ಮುಗಿದಿತ್ತು. ಆದರೆ ನಾನು ಕುರ್ಚಿಗೆ ಒರಗಿ ಒಂದು ದೀರ್ಘ ಉಸಿರು ಬಿಟ್ಟೆ. ಆ ಎಂಟು ಫೈಲುಗಳಲ್ಲಿ ಹಣ್ಣು ಕೆಟ್ಟಿರಲಿಲ್ಲ, ನನ್ನ ಕೈ ತಪ್ಪಿರಲಿಲ್ಲ. ಅವೇ ಸರಿಯಾದ ಅಳತೆಗಳು. ನನ್ನ ಅತಿ ಒಳ್ಳೆಯ ಕೆಲಸವನ್ನು ನಾನೇ ಬೇಡವೆಂದು ಎತ್ತಿಟ್ಟಿದ್ದೆ. ಎಷ್ಟೋ ತಿಂಗಳಿಂದ, ನಾನು ಇಲ್ಲದ್ದನ್ನು ಇದೆ ಅನ್ನುತ್ತಿದ್ದೇನೆಯೇ ಎಂಬ ಭಯ ಒಳಗೊಳಗೇ ಇತ್ತಲ್ಲ, ಅದಕ್ಕೆ ಉತ್ತರ ಸಿಕ್ಕಿತ್ತು. ಹೌದು, ಅನ್ನುತ್ತಿದ್ದೆ. ಉತ್ತರ ಕೆಟ್ಟದ್ದೇ ಆದರೂ ಕಾಯುವುದು ಮುಗಿದಿತ್ತು.

ರಾತ್ರಿ ಊಟಕ್ಕೆ ಕೂತಾಗ ಗಂಡನಿಗೆ ಹೇಳಿದೆ. ಅವನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ, "ಪೇಪರ್ ವಾಪಸ್ ತಗೊಂಡ್ರೆ ಡಿಗ್ರಿ ಹೋಗುತ್ತಾ?" ಎಂದ.

"ಗೊತ್ತಿಲ್ಲ. ಇನ್ನೊಂದು ವರ್ಷವಂತೂ ಬೇಕಾಗುತ್ತೆ."

"ಸರ್‌ಗೆ ಯಾವಾಗ ಹೇಳ್ತೀಯ?"

"ನಾಳೆ."

"ಬೆಳಿಗ್ಗೇನೇ ಹೇಳಿಬಿಡು. ಮಧ್ಯಾಹ್ನ ಅಂತ ಇಟ್ಕೊಂಡ್ರೆ ನೀನು ಹೇಳಲ್ಲ," ಎಂದ. ನನ್ನನ್ನು ಅವನು ಬಲ್ಲ.

ಮಗಳಿಗೆ ನಮ್ಮ ದನಿ ಕೇಳಿ ಏನನ್ನಿಸಿತೋ, "ಅಮ್ಮಾ, ತುಮ್ ಫೇಲ್ ಹೋ ಗಯೀ?" ಎಂದು, ನೀನು ಫೇಲಾದೆಯಾ ಎಂಬುದನ್ನು ಶಾಲೆಯ ಹಿಂದಿಯಲ್ಲೇ ಕೇಳಿದಳು. ಇಲ್ಲ ಪುಟ್ಟಿ, ತಪ್ಪು ಬರೆದಿದ್ದೆ, ಅಳಿಸಿ ಮತ್ತೆ ಬರೀತೀನಿ ಎಂದೆ. ಅವಳಿಗೆ ಅದು ದಿನದ ಮಾತು. ಸಮಾಧಾನವಾಗಿ ತಟ್ಟೆಯ ಕಡೆ ತಿರುಗಿದಳು.

ಮರುದಿನ ಸರ್ ಎದುರು ಐಸಿನ ಪ್ರಯೋಗದ ಗ್ರಾಫನ್ನೂ ಲಾಗ್‌ಬುಕ್ಕಿನ ತಾರೀಖುಗಳನ್ನೂ ಇಟ್ಟೆ. ಅವರು ಒಂದೊಂದು ತಾರೀಖಿನ ಮೇಲೂ ಬೆರಳಿಟ್ಟು ನೋಡಿದರು. ನಮ್ಮ ಮಾತೆಲ್ಲ ಹಿಂದಿಯಲ್ಲಿ ನಡೆದದ್ದು, ನೆನಪಿರುವಷ್ಟನ್ನು ಕನ್ನಡದಲ್ಲಿ ಬರೆಯುತ್ತೇನೆ.

"ಈ ಎಂಟು ಎಲ್ಲಿದ್ದವು?" ಎಂದು ಕೇಳಿದರು.

"ಬೇರೆ ಕಡೆ ಎತ್ತಿಟ್ಟಿದ್ದೆ, ಸರ್. ಹಣ್ಣು ಸರಿಯಿಲ್ಲ ಅಂದುಕೊಂಡೆ."

"ಅಂದುಕೊಂಡಿರೋ, ಹಾಗೆ ಅಂದುಕೊಳ್ಳೋಣ ಅನ್ನಿಸಿತೋ?"

ಸುಳ್ಳು ಹೇಳುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. "ಅನ್ನಿಸಿತು, ಸರ್," ಎಂದೆ.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೈಗುಳಕ್ಕೆ ಕಾಯುತ್ತಾ ನಾನು ನೆಲ ನೋಡುತ್ತಿದ್ದೆ. "ಎಷ್ಟು ಸಲ ಮಾಡಿದಿರಿ, ಎಷ್ಟು ಸಲ ಬರಲಿಲ್ಲ ಅಂತ ನಾನು ಒಂದು ಸಲವೂ ಕೇಳಲಿಲ್ಲ," ಎಂದರು. "ತಕ್ಕಡಿ ಒಪ್ಪುತ್ತಿಲ್ಲ ಅಂತ ಗೊತ್ತಿದ್ದೂ ಕೇಳಲಿಲ್ಲ. ನನಗೂ ಆ ಗ್ರಾಫು ಬೇಕಾಗಿತ್ತು."

ಆ ದಿನವೇ ಪತ್ರಿಕೆಗೆ ಪತ್ರ ಬರೆಯಲು ಕೂತೆವು. ರೇಡಿಯೋ ಸಿಗ್ನಲ್ಲಿನಿಂದ ಅಳತೆ ಕೆಟ್ಟಿದೆ, ನಮ್ಮ ತೀರ್ಮಾನ ನಿಲ್ಲುವುದಿಲ್ಲ, ಪ್ರಬಂಧವನ್ನು ಹಿಂದಕ್ಕೆ ಪಡೆಯುತ್ತೇವೆ ಎಂದು ಅವರು ಬರೆದು, "ಇಷ್ಟು ಸಾಕು," ಎಂದರು.

"ಆ ಎಂಟರ ವಿಷಯ, ಸರ್?"

"ಅದನ್ನು ಬರೆದರೆ ಓದಿದವರು ನಿಮ್ಮನ್ನು ಬೇರೆ ರೀತಿ ನೋಡುತ್ತಾರೆ. ಸಿಗ್ನಲ್ ಒಂದೇ ಸಾಕಾದ ಕಾರಣ."

ಒಂದು ಕ್ಷಣ ಹೌದೆನ್ನೋಣ ಅನ್ನಿಸಿತು. ಆದರೆ ಆ ಎಂಟನ್ನು ಎರಡನೇ ಸಲ ಬಚ್ಚಿಟ್ಟರೆ ಮತ್ತೆ ಅದೇ ಭಾರ ಹೊತ್ತು ಮೆಟ್ರೋ ಹತ್ತಬೇಕು. "ಇರಲಿ ಸರ್, ಬರೆಯೋಣ," ಎಂದೆ. ಅವರು ನನ್ನ ಮುಖ ನೋಡಿ, ಕೀಬೋರ್ಡನ್ನು ನನ್ನ ಕಡೆ ತಳ್ಳಿದರು. ಗುಡ್ಡ ಕಾಣದ ಎಂಟು ಪ್ರಯೋಗಗಳನ್ನು ಸಾಕಷ್ಟು ಕಾರಣವಿಲ್ಲದೆ ಕೈಬಿಡಲಾಗಿತ್ತು ಎಂದು ನಾನೇ ಟೈಪು ಮಾಡಿದೆ. ಅವರು 'ಕೈಬಿಡಲಾಗಿತ್ತು' ಎಂಬುದನ್ನು ಅಳಿಸಿ 'ನಾವು ಕೈಬಿಟ್ಟಿದ್ದೆವು' ಎಂದು ತಿದ್ದಿದರು. ಆ 'ನಾವು' ಎಂಬ ಮಾತಿಗಾಗಿ ನಾನು ಇಂದಿಗೂ ಅವರಿಗೆ ಋಣಿ.

ಲ್ಯಾಬಿಗೆ ಬಂದು, ಬೇರೆ ಯಾವ ಕೆಲಸಕ್ಕೂ ಕೈಹಾಕುವ ಮೊದಲು ಆ ವಿದ್ಯಾರ್ಥಿನಿಗೆ ಬರೆದೆ. ನೀವು ಎಲ್ಲೂ ತಪ್ಪಿಲ್ಲ, ತಪ್ಪಿದ್ದು ನಾನು, ಉತ್ತರಿಸಲು ತಡಮಾಡಿದ್ದಕ್ಕೆ ಕ್ಷಮಿಸಿ ಎಂದು ಎಲ್ಲವನ್ನೂ ವಿವರಿಸಿದೆ. ಹತ್ತೇ ನಿಮಿಷದಲ್ಲಿ ಉತ್ತರ ಬಂತು. ನಾಲ್ಕು ತಿಂಗಳಿಂದ ಅವಳು ಒಂದಾದ ಮೇಲೊಂದು ಎರಡು ಡ್ರೈಯರ್ ಬದಲಿಸಿದ್ದಳು. ತನಗೆ ಪ್ರಯೋಗ ಮಾಡಲು ಬರುವುದಿಲ್ಲವೆಂದು ಕೊನೆಗೆ ಓದು ಬಿಡುವ ಯೋಚನೆಯಲ್ಲಿದ್ದಳಂತೆ. 'ಈಗ ನಿದ್ದೆ ಬರುತ್ತದೆ ಮೇಡಂ,' ಎಂದು ಬರೆದಿದ್ದಳು. ಕೋಪಿಸಿಕೊಂಡಿದ್ದರೂ ನ್ಯಾಯವಾಗಿತ್ತು; ಅವಳು ಕೋಪಿಸಿಕೊಳ್ಳಲಿಲ್ಲ.

ಆಮೇಲಿನ ಒಂದು ವರ್ಷ ಬರೀ ದುಡಿಮೆ. ಕಲಬುರಗಿಯವನು ಹೇಳಿಕೊಟ್ಟಂತೆ ತಂತಿಗಳನ್ನು ಗಿಡ್ಡ ಮಾಡಿ, ಎರಡೆರಡನ್ನು ಹುರಿ ಹೊಸೆದು, ಮೇಲೆ ಲೋಹದ ಜಾಲರಿಯ ಹೊದಿಕೆ ಹಾಕಿದೆ. ಬೇಕೆಂದೇ ಅವನ ಸ್ಲಾಟಿನ ಹೊತ್ತಿನಲ್ಲೇ ಪ್ರಯೋಗ ಮಾಡಿದೆ. ಗೆರೆ ಅಲುಗಲಿಲ್ಲ. ಹಕ್ಕಳೆಯೂ ಇಲ್ಲ, ಬಿರುಕೂ ಇಲ್ಲ. ಟೊಮೆಟೊ ಪುಸ್ತಕ ಹೇಳಿದಂತೆಯೇ ಒಣಗುತ್ತದೆ, ಇಂತಿಷ್ಟು ದಪ್ಪದ ಹೋಳಿಗೆ ಇಂತಿಷ್ಟು ಬಿಸಿ ಸಾಕು ಎಂಬ ಸಪ್ಪೆ ಫಲಿತಾಂಶ ನನ್ನದಾಯಿತು. ಈ ಸಲ ಮಾಡಿದ ಅಷ್ಟೂ ಪ್ರಯೋಗಗಳು ಥೀಸಿಸ್ಸಿನಲ್ಲಿವೆ, ನಿಜವಾಗಿಯೂ ದಪ್ಪ ಹೆಚ್ಚಿ ಕೆಡಿಸಿದ ಎರಡನ್ನೂ ಸೇರಿಸಿ.

ವೈವಾ ದಿನ ಹೊರಗಿನಿಂದ ಬಂದ ಪರೀಕ್ಷಕರು ಹೆಚ್ಚು ಹೊತ್ತು ಕಳೆದದ್ದು, ವಾಪಸು ಪಡೆದ ಪ್ರಬಂಧದ ಬಗ್ಗೆ ನಾನು ಬರೆದಿದ್ದ ಅಧ್ಯಾಯದ ಮೇಲೆ. ಎಂಟನ್ನು ಯಾಕೆ ಬಿಟ್ಟಿರಿ ಎಂದು ನೇರವಾಗಿ ಕೇಳಿದರು. ನೇರವಾಗಿಯೇ ಹೇಳಿದೆ. ಇನ್ನೇನೋ ಕೇಳುತ್ತಾರೆಂದು ಕಾದೆ. ಅವರು ಪುಟ ತಿರುಗಿಸಿ, ಒಣಗಿದ ಟೊಮೆಟೊ ಎಷ್ಟು ತಿಂಗಳು ಇಡಬಹುದು ಎಂದು ಕೇಳಿದರು.

ಮಧ್ಯಾಹ್ನ ಒಂದರ ಹೊತ್ತಿಗೆ ಎಲ್ಲ ಮುಗಿದಿತ್ತು. ಸರ್ ಜತೆ ಚಹಾ ಕುಡಿದು, ಅಮ್ಮನಿಗೂ ಗಂಡನಿಗೂ ಫೋನು ಮಾಡಿ ಮೆಟ್ರೋ ಹತ್ತಿದೆ. ಆ ಹೊತ್ತಿನಲ್ಲಿ ಜನ ಕಡಿಮೆ, ಕೂರಲು ಜಾಗ ಸಿಕ್ಕಿತು. ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದ್ದಷ್ಟೇ ಗೊತ್ತು. ಯಾರೋ ಭುಜ ತಟ್ಟಿದಂತಾಗಿ ಎಚ್ಚರಾದಾಗ ಬೋಗಿ ಖಾಲಿ. ಗುಡಿಸುವ ಹೆಂಗಸು ಎದುರಿಗೆ ನಿಂತು, "ಮೇಡಂ, ಆಖ್ರಿ ಸ್ಟೇಷನ್," ಎನ್ನುತ್ತಿದ್ದಳು. ಕೊನೆಯ ಸ್ಟೇಷನ್ನಿಗೇ ಬಂದುಬಿಟ್ಟಿದ್ದೆ, ನಮ್ಮದು ದಾಟಿ ಎಷ್ಟೋ ಹೊತ್ತಾಗಿತ್ತು. ಎದುರಿನ ಪ್ಲಾಟ್‌ಫಾರಂಗೆ ಹೋಗಿ, ಬೆಂಚಿನ ಮೇಲೆ ಕೂತು, ಮುಂದಿನ ರೈಲಿಗೆ ಅವಸರವಿಲ್ಲದೆ ಕಾದೆ.